ನಿಂತ ನೀರು, ಅದೇನು ಮಾಡೀತು?

ರಜೆಯ ದಿನ ಗಾಳ, ಎರೆಹುಳು, ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಕೆರೆ ಏರಿಗೋ ಹಿನ್ನೀರಿನ ದಂಡೆಗೋ ಹೋಗುವವರು ನಮ್ಮಲ್ಲಿ ಬಹಳ ಮಂದಿ. ಒಳ್ಳೆಯ ಹವ್ಯಾಸ. ಸದಾ ಕೆಲಸದ ಚಿಂತೆಯಲ್ಲಿರುವ ರೋಗಿಗಳಿಗೆ ನಾನೇ ಇದನ್ನು ಹೇಳಿದ್ದುಂಟು. ಆದರೆ "ಹರಿಯೋ ಹೊಳೆ ಅಲ್ವಲ್ಲ ಡಾಕ್ಟ್ರೇ, ನಿಂತ ನೀರು, ಅದೇನು ಮಾಡೀತು?" ಎಂದು ಯಾರಾದರೂ ಕೇಳಿದರೆ ಮಾತ್ರ ಹೆದರಿಕೆಯಾಗುತ್ತದೆ.

ಕೇರಳದ ತೇಕ್ಕಡಿಯದು ಅಣೆಕಟ್ಟಿನ ಹಿನ್ನೀರು, ಸಮುದ್ರವಲ್ಲ. 2009ರ ಸೆಪ್ಟೆಂಬರ್ 30ರಂದು ಅಲ್ಲಿ ಪ್ರವಾಸಿಗರ ದೋಣಿ ಮಗುಚಿ 45 ಮಂದಿ ಸತ್ತರು. ದಡದಲ್ಲಿ ಪ್ರಾಣಿಗಳು ಕಂಡಾಗ ಜನ ಒಂದೇ ಬದಿಗೆ ಸರಿದರೆಂದು ಆಗ ವರದಿಯಾಯಿತು. ವಡೋದರದ ಹರ್ಣಿ ಕೆರೆಯಂತೂ ಊರೊಳಗಿನ ಕೆರೆ. 2024ರ ಜನವರಿ 18ರಂದು ಅಲ್ಲಿ ದೋಣಿ ಮುಳುಗಿ 12 ಶಾಲಾಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು, ಹಲವರಿಗೆ ಲೈಫ್ ಜಾಕೆಟ್ ಇರಲಿಲ್ಲ.

ನಮ್ಮ ಕೆರೆಗಳ ಅಪಾಯ ಇನ್ನೊಂದು ಬಗೆಯದು. ಮಣ್ಣಿಗಾಗಿ, ಹೂಳಿಗಾಗಿ ಬೇಸಿಗೆಯಲ್ಲಿ ಯಂತ್ರ ಬಿಟ್ಟು ತೋಡಿದ ಗುಂಡಿಗಳು ಮಳೆ ಬಂದ ಮೇಲೆ ಕಾಣುವುದೇ ಇಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಗಾಳ ಹಾಕುತ್ತಿದ್ದವನು ಒಂದು ಹೆಜ್ಜೆ ಮುಂದಿಟ್ಟರೆ ಎರಡಾಳು ಆಳ. ಕೆಳಗೆ ಕೆಸರು, ಪಕ್ಕದಲ್ಲಿ ಜೊಂಡು. ಈಜು ಬಲ್ಲವನ ಕಾಲೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತೂಬಿನ ಬಳಿ, ಕೋಡಿಯ ಬಳಿ ಗಾಳ ಹಾಕಲೇಬೇಡಿ. ಆ ಊರಿನ ದನ ಕಾಯುವವರನ್ನು ಒಂದು ಮಾತು ಕೇಳಿ. ಯಾವ ನಕಾಶೆಯಲ್ಲೂ ಇಲ್ಲದ ಗುಂಡಿ ಅವರಿಗೆ ಗೊತ್ತಿರುತ್ತದೆ.

ಮುಳುಗುವವನು ಕೂಗುವುದಿಲ್ಲ

ಸಿನಿಮಾದಲ್ಲಿ ಮುಳುಗುವವನು ಕೈ ಬೀಸಿ "ಕಾಪಾಡಿ, ಕಾಪಾಡಿ" ಎಂದು ಕೂಗುತ್ತಾನೆ. ನಿಜವಾಗಿ ನಡೆಯುವುದು ಹಾಗಲ್ಲ. ಬಾಯಿ ನೀರಿನ ಮೇಲೆ ಬಂದ ಅರೆಗಳಿಗೆಯಲ್ಲಿ ಉಸಿರೆಳೆದುಕೊಳ್ಳಲೇ ಸಮಯ ಸಾಲದು, ಕೂಗುವುದೆಲ್ಲಿಂದ ಬಂತು? ತೋಳುಗಳು ಅಕ್ಕಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ತಲೆ ಹಿಂದಕ್ಕೆ ವಾಲಿರುತ್ತದೆ. ನೋಡುವವರಿಗೆ ಮಗು ಆಟವಾಡುತ್ತಿದೆ ಎನಿಸುತ್ತದೆ. ಹೀಗೆ ಒಂದು ನಿಮಿಷದೊಳಗೆ ಎಲ್ಲ ಮುಗಿದುಹೋಗಬಹುದು. ಆದ್ದರಿಂದ ದಡದಲ್ಲಿ ಮಕ್ಕಳಿದ್ದರೆ ದೊಡ್ಡವರಲ್ಲಿ ಒಬ್ಬರು ಗಾಳವನ್ನೂ ಮೊಬೈಲನ್ನೂ ಕೆಳಗಿಟ್ಟು ಬರೀ ಮಕ್ಕಳನ್ನೇ ನೋಡುತ್ತಿರಬೇಕು.

ದೋಣಿ, ತೆಪ್ಪ, ಹರಿಗೋಲು ಯಾವುದನ್ನೇ ಹತ್ತಿ, ಲೈಫ್ ಜಾಕೆಟ್ ತೊಟ್ಟೇ ಹತ್ತಿ. ಅದನ್ನು ಕಾಲ ಕೆಳಗಿಟ್ಟು ಕೂರುವುದೂ ಮನೆಯಲ್ಲಿ ಬಿಟ್ಟುಬರುವುದೂ ಒಂದೇ. ನೀರಿಗೆ ಬಿದ್ದ ಮೇಲೆ ಅದನ್ನು ತೊಡಲು ಆಗದು. ದೊಡ್ಡವರ ಜಾಕೆಟ್ ಮಗುವಿಗೆ ತೊಡಿಸಬೇಡಿ. ತೊಡಿಸಿ ಪಟ್ಟಿ ಬಿಗಿದ ಮೇಲೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ನೀರಿನಲ್ಲೂ ಹಾಗೆಯೇ ಜಾರುತ್ತದೆ. ಜಾಕೆಟ್ ಕೊಡದ ದೋಣಿಯನ್ನು ಹತ್ತದೆ ವಾಪಸು ಬನ್ನಿ. ಮಕ್ಕಳು ಅತ್ತರೆ ಅಳಲಿ.

ತೆಪ್ಪದ ತಳ ಚಪ್ಪಟೆ. ಒಬ್ಬರು ಎದ್ದು ನಿಂತರೆ ಸಾಕು, ವಾಲುತ್ತದೆ. ಗಾಳಕ್ಕೆ ಮೀನು ಸಿಕ್ಕ ಸಂಭ್ರಮದಲ್ಲಿ ಎಲ್ಲರೂ ಎದ್ದು ಒಂದೇ ಕಡೆ ಬಾಗುವುದು, ಫೋಟೊಗೆಂದು ಅಂಚಿಗೆ ಸರಿಯುವುದು ಇವೆರಡೂ ಕೂಡದು. ಎಷ್ಟು ಜನ ಎಂಬುದನ್ನು ಅಂಬಿಗ ಹೇಳಲಿ, ನೀವು ಚೌಕಾಸಿ ಮಾಡಬೇಡಿ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕವಿದು ಗುಡುಗು ಕೇಳಿದ ಕೂಡಲೇ ದಡ ಸೇರಿ, ಮರದಡಿ ನಿಲ್ಲದೆ ಕಟ್ಟಡ ಅಥವಾ ಕಾರಿನೊಳಗೆ ಹೋಗಿ. ಇನ್ನು ಕುಡಿತ. ಮದ್ಯ ಹೊಟ್ಟೆಯಲ್ಲಿರುವವನು ನೀರಿಗಿಳಿಯಬಾರದು, ದೋಣಿ ಹತ್ತಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಗಾಳಕ್ಕೂ ಕಾನೂನುಂಟು

ಕೆರೆ ಸರ್ಕಾರದ್ದಾದರೂ ಅದರಲ್ಲಿನ ಮೀನು ಸಾಮಾನ್ಯವಾಗಿ ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘದ್ದು ಅಥವಾ ಗುತ್ತಿಗೆದಾರರದು. ಮರಿ ಬಿಟ್ಟು ಸಾಕಿದವರು ಅವರು. ಮೊದಲು ಅವರನ್ನು ಕೇಳಿ. ಜಲಾಶಯ, ಹೊಳೆಗಳಾದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಕಾಯ್ದೆಯೇ ನಿಷೇಧಿಸಿತ್ತು. ಸಿಡಿಮದ್ದಿಗೆ ಕೈಬೆರಳು ಕಳೆದುಕೊಳ್ಳುವವರು ಬೇರೆ. ಮುಂಗಾರಿನ ಹೊಸನೀರಿಗೆ ಮಲೆನಾಡಿನಲ್ಲಿ ಹತ್ತುಮೀನಿನ ಸಡಗರ. ಮೊಟ್ಟೆ ತುಂಬಿಕೊಂಡು ಬರುವ ಮೀನವು. ಒಂದನ್ನು ಹಿಡಿದರೆ ಸಾವಿರಾರು ಮರಿ ಹೋದಂತೆ. ಆ ದಿನಗಳಲ್ಲಿ ಗಾಳ ಅಟ್ಟದ ಮೇಲಿರಲಿ. ವನ್ಯಜೀವಿಧಾಮಗಳೊಳಗಿನ ನೀರಿಗೂ ಗಾಳ ಬೇಡ. ಕಾವೇರಿಯ ಕೇಸರಿ ರೆಕ್ಕೆಯ ಮಹಶೀರ್, ನಮ್ಮ ಜನ ಬಿಳಿಮೀನು ಎನ್ನುವುದು, 2018ರಿಂದ ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ.

ಗಾಳದ ಕೊಕ್ಕೆ ಬೆರಳಿಗೆ ನಾಟಿದರೆ ಎಳೆಯಬೇಡಿ. ಅದರ ಮುಳ್ಳು ಮಾಂಸವನ್ನು ಹರಿಯುತ್ತದೆ. ದಾರ ಕತ್ತರಿಸಿ, ಹಾಗೆಯೇ ವೈದ್ಯರ ಬಳಿ ಬಂದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಕಾಲಿನಲ್ಲಿ ಗಾಯವಿದ್ದಾಗ ಕೆಸರಿಗಿಳಿದು, ನಾಲ್ಕು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ಕೆರೆಗಿಳಿದ ವಿಷಯ ಹೇಳಲು ಮರೆಯಬೇಡಿ. ಇಲಿಜ್ವರವಿರಬಹುದು.

ಒಬ್ಬರು ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬನನ್ನು ಉಳಿಸಲು ಹೋಗಿ ಅಣ್ಣ, ತಂಗಿ, ತಾಯಿ ಎಲ್ಲರೂ ಹೋದ ಸುದ್ದಿಯನ್ನು ಇದೇ ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ? ಹಗ್ಗ, ಸೀರೆ, ಪಂಚೆ, ಉದ್ದನೆಯ ಗಳ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನು ಸಿಕ್ಕರೆ ಅದನ್ನು ಎಸೆಯಿರಿ ಅಥವಾ ಚಾಚಿರಿ. ನೀವು ದಡದಲ್ಲಿ ಮಲಗಿಕೊಂಡು ಎಳೆಯಿರಿ.

ಮೇಲೆತ್ತಿದ ಮೇಲೆ ನಡೆಯುವ ತಪ್ಪುಗಳು ಇನ್ನೂ ದೊಡ್ಡವು. ಕಾಲು ಹಿಡಿದು ತಲೆಕೆಳಗೆ ತೂಗುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಎರಡೂ ವ್ಯರ್ಥ. ಹೊಟ್ಟೆ ಒತ್ತಿದರೆ ಒಳಗಿನದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆಂಬ ಸುಳ್ಳೊಂದು ಮೊಬೈಲುಗಳಲ್ಲಿ ಓಡಾಡುತ್ತಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮುಳುಗಿ ಸತ್ತ ಬಾಲಕನ ದೇಹವನ್ನು ಹೆತ್ತವರು ಗಂಟೆಗಟ್ಟಲೆ ಹಾಗೆ ಇಟ್ಟು ಕಾದರು. ಆ ತಂದೆತಾಯಿಯನ್ನು ನಾನು ದೂರಲಾರೆ.

ಬೇಕಾದದ್ದು ಉಸಿರು. ನಾಲ್ಕೈದು ನಿಮಿಷ ಆಮ್ಲಜನಕ ಸಿಗದಿದ್ದರೆ ಮೆದುಳು ಕೆಡತೊಡಗುತ್ತದೆ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಉಬ್ಬುವಂತೆ ಎರಡರಿಂದ ಐದು ಸಲ ಊದಬೇಕು. ಆದರೂ ಉಸಿರಾಡದಿದ್ದರೆ ಎದೆಯ ನಡುವೆ ಅಂಗೈಯಿಟ್ಟು, ನಿಮಿಷಕ್ಕೆ ನೂರಕ್ಕೂ ಹೆಚ್ಚಿನ ವೇಗದಲ್ಲಿ 30 ಸಲ ಎರಡು ಅಂಗುಲ ಒಳಹೋಗುವಂತೆ ಒತ್ತಿ, ಮತ್ತೆ ಎರಡು ಸಲ ಊದಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಕೈ ಸೋತರೆ ಇನ್ನೊಬ್ಬರು ಮುಂದುವರಿಸಲಿ.

ಎದ್ದು ಕೂತು "ಏನಿಲ್ಲ, ಸರಿಹೋಯ್ತು" ಎಂದರೂ, ಕೆಮ್ಮು ಅಥವಾ ಏದುಸಿರು ಇದ್ದರೆ ಮನೆಗೆ ಕರೆದೊಯ್ಯಬೇಡಿ. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆಗಳ ನಂತರ ಹೆಚ್ಚಾಗಬಹುದು. ಆರೆಂಟು ಗಂಟೆ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿಗೆ ಇರಲಿ.