ಬೇಲಿ ಹೊಲ ಮೇಯಬಾರದು: ಬ್ಯಾಟರಿ ಕಾಯುವ ಸರ್ಕ್ಯೂಟ್

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನವರಿರಲಿ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರಿರಲಿ, ಬೆನ್ನಿಗೆ ಹಾಕಿಕೊಂಡು ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪನ್ನು ನೋಡದವರು ನಮ್ಮಲ್ಲಿ ಕಡಿಮೆ. ಅದರಲ್ಲಿ ಹೆಚ್ಚಾಗಿ 12 ವೋಲ್ಟಿನ, 8 ಆಂಪಿಯರ್-ಅವರ್ ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ನಮ್ಮ ಮನೆಯ ಪಂಪಿನ ಬ್ಯಾಟರಿ ಎರಡನೇ ಬೆಳೆಗೇ ಕೈಕೊಟ್ಟಿತು. ಹೊಸದಕ್ಕೆ ಅಪ್ಪ ದುಡ್ಡು ಹೊಂದಿಸಬೇಕಾಯಿತು. ಇದನ್ನು ತಡೆಯಬಹುದೇ ಎಂದು ನಾನು ಯೋಚಿಸಿದೆ.

ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿ ಹಾಗೆಯೇ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬಾರದು. ಒಳಗೆ 6 ಕೋಶಗಳಿವೆ. ಒಂದೊಂದೂ 1.8 ವೋಲ್ಟಿಗೆ ಇಳಿದಾಗ, ಅಂದರೆ ಒಟ್ಟು 10.8 ವೋಲ್ಟ್ ಆದಾಗ, ಮೋಟಾರು ನಿಲ್ಲಬೇಕು.

ಇದನ್ನು ಪತ್ತೆಹಚ್ಚುವ ಸರ್ಕ್ಯೂಟಿಗೆ ಮೂರು ಭಾಗ. ಮೊದಲನೆಯದು, ಸರಣಿಯಲ್ಲಿ ಜೋಡಿಸಿದ 8:1 ಪ್ರಮಾಣದ ಎರಡು ರೋಧಕಗಳು. ಬ್ಯಾಟರಿ 10.8 ವೋಲ್ಟ್ ಇದ್ದಾಗ ಚಿಕ್ಕ ರೋಧಕದ ಮೇಲೆ ಅದರ ಒಂಬತ್ತನೇ ಒಂದು ಪಾಲು, ಅಂದರೆ 1.2 ವೋಲ್ಟ್ ಸಿಗುತ್ತದೆ. ಎರಡನೆಯದು, ಬ್ಯಾಟರಿ ಏರಿದರೂ ಇಳಿದರೂ ಬದಲಾಗದ 1.2 ವೋಲ್ಟಿನ ಆಧಾರ. ಮೂರನೆಯದು ಇವೆರಡನ್ನೂ ತಕ್ಕಡಿಯಂತೆ ಹೋಲಿಸುವ ಕಂಪೇರೇಟರ್. ಮೊದಲನೆಯದು ಆಧಾರಕ್ಕಿಂತ ಕೆಳಗಿಳಿದರೆ ಅದು ಮಾಸ್‌ಫೆಟ್ ಸ್ವಿಚ್ಚಿನ ಮೂಲಕ ಮೋಟಾರನ್ನು ನಿಲ್ಲಿಸುತ್ತದೆ.

ಮೋಟಾರು ನಿಂತ ಕೂಡಲೇ ಭಾರ ಇಳಿದು ಬ್ಯಾಟರಿಯ ವೋಲ್ಟೇಜ್ ಮತ್ತೆ ಮೇಲೇರುತ್ತದೆ. ಆಗ ಸರ್ಕ್ಯೂಟ್ ಮೋಟಾರನ್ನು ಚಾಲೂ ಮಾಡಿ, ಮತ್ತೆ ನಿಲ್ಲಿಸಿ, ಒದ್ದಾಡತೊಡಗುತ್ತದೆ. ಅದಕ್ಕಾಗಿ 12.5 ವೋಲ್ಟ್ ದಾಟುವವರೆಗೆ ಚಾಲೂ ಆಗದಂತೆ ಅಂತರ ಇಡುತ್ತಾರೆ. ಇದಕ್ಕೆ ಹಿಸ್ಟೆರಿಸಿಸ್ ಎನ್ನುತ್ತಾರೆ.

ಮುಖ್ಯ ಮಾತು ಇನ್ನು ಮುಂದಿದೆ. ಕಾವಲು ಸರ್ಕ್ಯೂಟಿಗೂ ಅದೇ ಬ್ಯಾಟರಿಯಿಂದಲೇ ಕರೆಂಟು ಬೇಕು. ಸದಾ ಉರಿಯುವ ಒಂದು ಎಲ್‌ಇಡಿ 10 ಮಿಲಿ ಆಂಪಿಯರ್ ಎಳೆದರೆ, ತುಂಬಿದ ಬ್ಯಾಟರಿ 800 ಗಂಟೆಗಳಲ್ಲಿ, ಅಂದರೆ 33 ದಿನಗಳಲ್ಲಿ ಖಾಲಿ! ಔಷಧಿ ಹೊಡೆದು ಪಂಪನ್ನು ಮೂಲೆಗಿಟ್ಟರೆ ಒಂದು ತಿಂಗಳು ಕಳೆಯುವುದು ಗೊತ್ತೇ ಆಗುವುದಿಲ್ಲ. ಬೇಲಿಯೇ ಎದ್ದು ಹೊಲ ಮೇದಂತೆ.

ಪರಿಹಾರ ಓಮ್‌ನ ನಿಯಮದಲ್ಲೇ ಇದೆ. ರೋಧಕಗಳು 8 ಮತ್ತು 1 ಕಿಲೋ ಓಮ್ ಆದರೆ 12 ವೋಲ್ಟಿನಲ್ಲಿ 1.33 ಮಿಲಿ ಆಂಪಿಯರ್ ಹರಿಯುತ್ತದೆ. ಅವೇ 8 ಮತ್ತು 1 ಮೆಗಾ ಓಮ್ ಆದರೆ ಸಾವಿರದಲ್ಲೊಂದು ಪಾಲು, ಅಂದರೆ 1.33 ಮೈಕ್ರೋ ಆಂಪಿಯರ್ ಮಾತ್ರ. ಕೆಲವೇ ಮೈಕ್ರೋ ಆಂಪಿಯರ್‌ನಲ್ಲಿ ನಡೆಯುವ, ಆಧಾರವೂ ಕಂಪೇರೇಟರೂ ಒಳಗೇ ಇರುವ ಐ.ಸಿ.ಗಳು ಸಿಗುತ್ತವೆ. ಒಟ್ಟು 5 ಮೈಕ್ರೋ ಆಂಪಿಯರ್ ಎಂದುಕೊಂಡರೆ ಬ್ಯಾಟರಿ ಖಾಲಿಯಾಗಲು 16 ಲಕ್ಷ ಗಂಟೆ ಬೇಕು, 180 ವರ್ಷಕ್ಕೂ ಹೆಚ್ಚು. ಸುಮ್ಮನೆ ಇಟ್ಟ ಬ್ಯಾಟರಿ ತಾನಾಗಿಯೇ ಕಳೆದುಕೊಳ್ಳುವ ಚಾರ್ಜೇ ಇದಕ್ಕಿಂತ ಎಷ್ಟೋ ಹೆಚ್ಚು.

ಹಾಗೆ ತಾನಾಗಿ ಕಳೆದದ್ದನ್ನು ಯಾವ ಸರ್ಕ್ಯೂಟೂ ತುಂಬಿಕೊಡದು. ಆದ್ದರಿಂದ ಪಂಪು ಮೂಲೆಯಲ್ಲಿದ್ದರೂ ತಿಂಗಳಿಗೊಮ್ಮೆ ಚಾರ್ಜ್‌ಗೆ ಹಾಕಿ. ಕೆಲಸ ಮುಗಿಸಿ ಬಂದ ದಿನ ಮಲ್ಟಿಮೀಟರ್ ಹಿಡಿದು ನೋಡಿ, ಇಳಿದಿದ್ದರೆ ಅಂದೇ ರಾತ್ರಿ ಚಾರ್ಜ್ ಮಾಡಿ. ಮನೆಯವರಿಗೂ ಹೇಳಿಕೊಡಿ.