ಅರ್ಧ ಸೇರು ರಾಗಿ ಬೀಸಿ ನೋಡಿ

ಡಿಸೆಂಬರ್ ಬಂತೆಂದರೆ ಬೇಲೂರು–ಹಳೇಬೀಡು ರಸ್ತೆಯ ತುಂಬ ಶಾಲಾ ಪ್ರವಾಸದ ಬಸ್ಸುಗಳು. ಮಕ್ಕಳು ಸಾಲಾಗಿ ಇಳಿಯುತ್ತಾರೆ, ಹೊಯ್ಸಳೇಶ್ವರನಿಗೆ ಒಂದು ಸುತ್ತು ಬರುತ್ತಾರೆ, ಫಲಕದ ಮೇಲಿನ ಇಸವಿಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಚಿತ್ರಾನ್ನದ ಪೊಟ್ಟಣ ಬಿಚ್ಚುತ್ತಾರೆ, ಹೊರಡುತ್ತಾರೆ. ದೊರೆಗಳ ಹೆಸರು ಪರೀಕ್ಷೆ ಮುಗಿಯುವ ತನಕವಾದರೂ ನೆನಪಿರುತ್ತದೆ. ಆದರೆ ಆ ದೊರೆಗಳ ಕಾಲದಿಂದ ಮೊನ್ನೆ ಮೊನ್ನೆಯವರೆಗೂ ಈ ನೆಲವನ್ನು ಉತ್ತವರು, ಕೆರೆಗೆ ಮಣ್ಣು ಹೊತ್ತವರು, ನಸುಕಿನಲ್ಲೆದ್ದು ರಾಗಿ ಬೀಸಿದವರು ಹೇಗೆ ಬದುಕಿದ್ದರು? ಅದನ್ನು ಹೇಳುವ ಫಲಕ ಯಾರೂ ನೆಟ್ಟಿಲ್ಲ.

ಫಲಕವಿಲ್ಲದಿದ್ದರೆ ಬೇಡ, ಸಾಮಾನುಗಳು ಇನ್ನೂ ಇವೆ. ಹಳೇಬೀಡಿಗೆ ನೆರೆಯಾದ ಮಾದಿಹಳ್ಳಿ ಹೋಬಳಿಯ ಊರುಗಳಲ್ಲಿ, ಅತ್ತ ಜಾವಗಲ್, ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಹಳೆಯ ಮನೆಗಳ ಕೊಟ್ಟಿಗೆಯನ್ನೊಮ್ಮೆ ತಡಕಿದರೆ ಬೀಸುವ ಕಲ್ಲೋ, ಒನಕೆಯೋ, ಬಾವಿಯ ರಾಟೆಯೋ, ಹಳೆಯ ಕೊಳಗವೋ ಸಿಕ್ಕೀತು. ಅವನ್ನು ಬಳಸಿದ ಕೈಗಳೂ ಕೆಲವು ಮನೆಗಳ ಜಗಲಿಯ ಮೇಲೆ ಕುಳಿತಿವೆ. ಇನ್ನು ಹತ್ತು ವರ್ಷ ಕಳೆದರೆ ಕಲ್ಲು ಉಳಿದೀತು, ಕೈ ಉಳಿಯಲಾರದು.

ಅಮೆರಿಕದ ಶಾಲೆಗಳಲ್ಲಿ ಇಂಥದ್ದಕ್ಕೆ ಒಂದು ರೂಢಿಯೇ ಇದೆ. ಅಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 160 ಎಕರೆ ನೆಲದಲ್ಲಿ ಮನೆ ಕಟ್ಟಿ, ಐದು ವರ್ಷ ಉಳುಮೆ ಮಾಡಿದವರಿಗೆ ಆ ನೆಲ ಸ್ವಂತವಾಗುತ್ತಿತ್ತು. ಕಮಾನು ಗಾಡಿಗಳಲ್ಲಿ ಸಂಸಾರ ಹೇರಿಕೊಂಡು ಪಶ್ಚಿಮಕ್ಕೆ ಹೋದ ಆ ಒಕ್ಕಲುಗಳ ಬದುಕನ್ನು ಮಕ್ಕಳಿಗೆ ಪಾಠದಲ್ಲಷ್ಟೇ ಹೇಳಿ ಬಿಡುವುದಿಲ್ಲ. ಕೆನೆ ತುಂಬಿದ ಸೀಸೆ ಕುಲುಕಿಸಿ ಬೆಣ್ಣೆ ತೆಗೆಸುತ್ತಾರೆ, ಬತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ ಅದ್ದಿ ಮೇಣದಬತ್ತಿ ಮಾಡಿಸುತ್ತಾರೆ, ಒಂದು ದಿನ ಸ್ಲೇಟಿನ ಮೇಲೆ ಬರೆಸುತ್ತಾರೆ. 1932ರಿಂದ ಸಾಲಾಗಿ ಬಂದ ಲಾರಾ ಇಂಗಲ್ಸ್ ವೈಲ್ಡರ್ ಅವರ ಮಕ್ಕಳ ಕಾದಂಬರಿಗಳು ಈ ರೂಢಿಗೆ ಇನ್ನಷ್ಟು ಬಲ ಕೊಟ್ಟವು. ಒಂದು ಮಾತು ಮಾತ್ರ ಬಹುಕಾಲ ಮರೆತೇ ಹೋಗಿತ್ತು. ಆ ನೆಲ ಬರಿದಾಗಿರಲಿಲ್ಲ. ಅಲ್ಲಿನ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿಯೇ ಹೊಸಬರು ಒಕ್ಕಲಾದದ್ದು. ಈಗೀಗ ಅದನ್ನೂ ಅಲ್ಲಿನ ಶಿಕ್ಷಕರು ಹೇಳುತ್ತಿದ್ದಾರೆ. ಕಡಗೋಲು ಹಿಡಿಸುವುದೂ ಬೇಕು, ಕಹಿ ಸಂಗತಿ ಹೇಳುವುದೂ ಬೇಕು. ಎರಡೂ ನಮ್ಮ ಕಡೆಗೂ ಒಪ್ಪುವಂಥವೇ.

ಕಲ್ಲಿನ ಮುಂದೆ

ರಾಗಿಯಿಂದಲೇ ಆರಂಭಿಸಬಹುದು. ಬೀಸುವ ಕಲ್ಲನ್ನು ತೊಳೆದು ಬಿಸಿಲಿಗೆ ಒಣಗಿಸಬೇಕು. ಬಹುಕಾಲ ಬಿದ್ದಿದ್ದ ಕಲ್ಲಾದರೆ ನುಣುಪಾದ ಮೈಗೆ ಉಳಿಯಿಂದ ಕಚ್ಚು ಹಾಕಿಸದೆ ರಾಗಿ ನುರಿಯುವುದಿಲ್ಲ. ಮೊದಲ ಎರಡು ಹಿಡಿ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಚೆಲ್ಲಿಬಿಡಿ. ಆಮೇಲೆ ಮಗುವಿನ ಮುಂದೆ ಅರ್ಧ ಸೇರು ರಾಗಿ ಇಟ್ಟು, ಗಡಿಯಾರದ ಹೊತ್ತು ಗುರುತು ಹಾಕಿಕೊಳ್ಳಿ.

ಒಂದು ಕಾಲು ಚಾಚಿ, ಒಂದು ಮಡಿಸಿ ಕೂರುವುದೇ ಮೊದಲ ಪಾಠ. ಬಲಗೈ ಗೂಟ ತಿರುಗಿಸುತ್ತಿದ್ದಂತೆ ಎಡಗೈ ಕಣ್ಣಿಗೆ ಹಿಡಿ ಹಿಡಿ ಕಾಳು ಹಾಕುತ್ತಿರಬೇಕು. ಹೆಚ್ಚು ಹಾಕಿದರೆ ನುಚ್ಚು ಬೀಳುತ್ತದೆ, ಕಡಿಮೆಯಾದರೆ ಕಲ್ಲಿಗೆ ಕಲ್ಲೇ ಉಜ್ಜುತ್ತದೆ. ಐದು ನಿಮಿಷಕ್ಕೆ ತೋಳು ಸೋಲುತ್ತದೆ. ಆಗ ಎದುರಿಗೆ ಇನ್ನೊಂದು ಮಗುವನ್ನು ಕೂರಿಸಿ, ಇಬ್ಬರೂ ಒಂದೇ ಗೂಟ ಹಿಡಿಯಲಿ. ಜೊತೆಗಾತಿ ಏಕೆ ಬೇಕಿತ್ತೆಂದು ಬಾಯಲ್ಲಿ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಹಿಟ್ಟನ್ನು ಒಂದರಿಯಲ್ಲಿ ಜರಡಿ ಹಿಡಿದು ತೂಗಿಸಿ. ಇನ್ನು ಲೆಕ್ಕ. ಇಷ್ಟು ಹಿಟ್ಟಿಗೆ ಇಷ್ಟು ನಿಮಿಷವಾದರೆ ಹತ್ತು ಜನರ ಮನೆಗೆ ಎರಡು ಹೊತ್ತಿನ ಮುದ್ದೆಗೆ ಎಷ್ಟು ಹೊತ್ತು? ಬೆಳಗಾಗುವುದರೊಳಗೆ ಬೀಸಿ, ನೀರು ತಂದು, ಕೊಟ್ಟಿಗೆ ಬಾಚಿ, ಹೊಲಕ್ಕೆ ಹೊರಡಬೇಕಾದರೆ ಮನೆಯ ಸೊಸೆ ಎಷ್ಟು ಗಂಟೆಗೆ ಏಳಬೇಕಿತ್ತು? ಉತ್ತರವನ್ನು ಮಕ್ಕಳೇ ಕಂಡುಕೊಳ್ಳಲಿ. ಅದೇ ಹಿಟ್ಟಿನಿಂದ ಸಂಜೆ ಮುದ್ದೆ ಕಟ್ಟಿಸಿ. ಅದು ಗಂಟುಗಂಟಾದರೂ ಆ ದಿನ ತಟ್ಟೆಯಲ್ಲಿ ಯಾರೂ ಬಿಡುವುದಿಲ್ಲ!

ಬೀಸುವ ಪದಗಳು ಹುಟ್ಟಿದ್ದು ಈ ದಣಿವಿನಲ್ಲೇ. ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ ‘ಒಂದು ಪದ ಹೇಳಜ್ಜಿ’ ಎಂದರೆ ‘ಎಲ್ಲಾ ಮರ್ತೋಯ್ತು ಬಿಡು ಮಗ’ ಎಂದಾಳು. ಗೂಟ ಕೈಗೆ ಕೊಟ್ಟು ನೋಡಿ. ಕಲ್ಲು ತಿರುಗುವ ಸದ್ದಿನ ಜೊತೆಗೇ ಪದ ಬರುವುದುಂಟು. ಟೇಪು, ಮೊಬೈಲು ಏನಿದೆಯೋ ಅದನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ.

ಕಾಳಿನ ಮಾತು ಬಂದಾಗ ಅಳತೆಯನ್ನೂ ಹೇಳಬೇಕು. ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯಲ್ಲಿ ಸೇರಾಗಿರಲಿಲ್ಲ. ಊರಿನ ನಾಲ್ಕು ಮನೆಗಳ ಹಳೆಯ ಸೇರುಗಳನ್ನು ತಂದು ಒಂದೇ ರಾಗಿಯನ್ನು ಅಳೆಸಿದರೆ, 1956ರಲ್ಲಿ ಕಾಯ್ದೆ ಮಾಡಿ ದೇಶಕ್ಕೆಲ್ಲ ಮೆಟ್ರಿಕ್ ಅಳತೆ ಏಕೆ ತಂದರೆಂಬುದು ಆರನೇ ತರಗತಿಯ ಮಗುವಿಗೂ ತಿಳಿಯುತ್ತದೆ.

ಮಿಕ್ಕ ರಾಗಿ ಹಗೇವಿಗೆ ಹೋಗುತ್ತಿತ್ತು. ನೆಲದೊಳಗಿನ ಈ ಕಣಜದಲ್ಲಿ ಗಾಳಿಯಾಡದೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದೇ ಕಾರಣಕ್ಕೆ ಹಳೆಯ ಹಗೇವಿನೊಳಗೆ ವಿಷಗಾಳಿ ತುಂಬಿರುತ್ತದೆ. ಮಕ್ಕಳನ್ನು ಎಂದಿಗೂ ಇಳಿಸಕೂಡದು, ಮೇಲಿನಿಂದ ತೋರಿಸಿದರೆ ಸಾಕು. ತೋರಿಸುವಾಗ ಧಾತು–ಈಶ್ವರ ಸಂವತ್ಸರಗಳ ಬರದ ಕಥೆ ಹೇಳಿ. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನ ಸತ್ತರು. ತಟ್ಟೆಯ ಅಗುಳು ಚೆಲ್ಲಿದರೆ ಅಜ್ಜಿಯರು ಸಿಡುಕುವುದು ಜಿಪುಣತನದಿಂದಲ್ಲ.

ಒಂದು ಗಜ ಏರಿಗೆ ಎಷ್ಟು ಮಂಕರಿ?

ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ. ಹೆಸರಿನಲ್ಲೇ ಕೆರೆಯಿದೆ. ಮಳೆ ಕಮ್ಮಿಯಾದ ಈ ಸೀಮೆಯಲ್ಲಿ ಕೆರೆ ಕಟ್ಟಿದ ಮೇಲೆಯೇ ಊರು ನಿಲ್ಲುತ್ತಿತ್ತು. ಹಳೇಬೀಡು, ಮಾದಿಹಳ್ಳಿ ಭಾಗದ ರೈತರು ಕೆರೆ ತುಂಬಿಸಿ ಎಂದು ನಮ್ಮ ಕಾಲದಲ್ಲೂ ವರ್ಷಗಟ್ಟಲೆ ಹೋರಾಡಿದ್ದನ್ನು ನೆನೆದರೆ ಈ ಮಾತು ಹಳತೇನೂ ಅಲ್ಲ. ಆದ್ದರಿಂದ ಹತ್ತಿರದ ಕೆರೆಯ ಏರಿಗೇ ಮಕ್ಕಳನ್ನು ಕರೆದೊಯ್ಯಿರಿ.

ಹಗ್ಗ ಹಿಡಿದು ಏರಿಯ ಮೇಲಿನ ಅಗಲ, ಬುಡದ ಅಗಲ, ಎತ್ತರ ಅಂದಾಜು ಅಳೆಯಲಿ. ಮೇಲೆ 2 ಮೀಟರ್, ಬುಡ 14 ಮೀಟರ್, ಎತ್ತರ 3 ಮೀಟರ್ ಎಂದಿಟ್ಟುಕೊಳ್ಳಿ. ಎರಡು ಅಗಲಗಳನ್ನು ಕೂಡಿಸಿ, ಅರ್ಧ ಮಾಡಿ, ಎತ್ತರದಿಂದ ಗುಣಿಸಿದರೆ 24. ಅಂದರೆ ಒಂದು ಮೀಟರ್ ಉದ್ದದ ಏರಿಗೆ 24 ಘನ ಮೀಟರ್ ಮಣ್ಣು. ಒಂದು ಮಂಕರಿಗೆ ಹತ್ತು ಲೀಟರಿನಷ್ಟು ಮಣ್ಣು ಹಿಡಿದರೆ 2,400 ಮಂಕರಿ! ತುಳಿದು ಅಡಕಗೊಳಿಸುವುದರಿಂದ ಇನ್ನೂ ಹೆಚ್ಚೇ ಬೇಕು. ಇಷ್ಟಾದರೂ ಅದು ಒಂದು ಮೀಟರಿಗೆ, ಒಂದು ಗಜಕ್ಕಿಂತ ತುಸು ಹೆಚ್ಚು ಉದ್ದಕ್ಕೆ ಮಾತ್ರ. ಏರಿಯ ಉದ್ದವನ್ನು ಹೆಜ್ಜೆ ಹಾಕಿ ಅಳೆದು ಬಂದ ಮೇಲೆ ಸಂಖ್ಯೆಗಳು ನೋಟ್‌ಬುಕ್ಕಿನ ಸಾಲಿಗೆ ಸಾಲುವುದಿಲ್ಲ.

ಲೆಕ್ಕದ ನಂತರ ಪ್ರತಿಯೊಬ್ಬರೂ ಮಂಕರಿಯಲ್ಲಿ ಅರ್ಧ ಮಣ್ಣು ಹೊತ್ತು ಏರಿಯ ಬುಡದಿಂದ ಮೇಲಕ್ಕೆ ಹತ್ತಲಿ. ತಲೆಗೆ ಸಿಂಬಿ ಇರಲಿ. ಮಣ್ಣು, ಕಲ್ಲಿನ ಕೆಲಸದಲ್ಲಿ ಪಳಗಿದವರು ಭೋವಿ ಸಮುದಾಯದವರು. ಶಾಸನದಲ್ಲಿ ಹೆಸರು ಬಂದದ್ದು ಕೆರೆ ಕಟ್ಟಿಸಿದವರದು, ಹೊತ್ತವರದಲ್ಲ. ಮಕ್ಕಳು ಇದನ್ನು ಗಮನಿಸಿ ಪ್ರಶ್ನೆ ಕೇಳಿದರೆ ಪಾಠ ಸರಿಯಾಗಿ ನಡೆದಿದೆಯೆಂದೇ ಅರ್ಥ.

ಬಾವಿಯ ಬಳಿಯೂ ಇಂಥ ಪ್ರಶ್ನೆ ಏಳಬೇಕು. ರಾಟೆಯಿಂದ ಒಂದು ಕೊಡ ನೀರು ಸೇದಿ ಇನ್ನೂರು ಹೆಜ್ಜೆ ಹೊತ್ತು ನಡೆಯುವುದು ಸೊಗಸಾದ ಆಟವೇ. ಆದರೆ ಆ ಬಾವಿಯಲ್ಲಿ ಎಲ್ಲರೂ ಸೇದುವಂತಿರಲಿಲ್ಲ. ದಲಿತ ಕೇರಿಯ ಹೆಂಗಸರು ಯಾರಾದರೂ ಸೇದಿ ಹುಯ್ಯಲೆಂದು ಕೊಡ ದೂರವಿಟ್ಟು ಕಾಯುತ್ತಿದ್ದರು. ಇದನ್ನು ಬಿಟ್ಟು ‘ಹಿಂದಿನ ಕಾಲವೇ ಚೆನ್ನಾಗಿತ್ತು’ ಎಂದು ಹಾಡಿದರೆ ಅದು ಇತಿಹಾಸವಲ್ಲ, ಅರ್ಧ ಸುಳ್ಳು. ಹೇಗೆ ಹೇಳುವುದೆಂದು ಮುಜುಗರಪಡುವ ಪೋಷಕರಿಗೆ ಒಂದು ಸುಲಭದ ದಾರಿಯಿದೆ. ಊರಿನ ಎರಡು ಕೇರಿಗಳ ಹಿರಿಯರಿಂದಲೂ ಒಂದೇ ಪ್ರಶ್ನೆಗೆ ಮಕ್ಕಳು ಉತ್ತರ ಬರೆದುಕೊಂಡು ಬರಲಿ: ‘ನೀವು ಚಿಕ್ಕವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದಿರಿ?’

ಅರಸೀಕೆರೆ ಕಡೆಯ ಮಕ್ಕಳಿಗೆ ತೆಂಗಿನ ನಾರಿನ ಕೆಲಸ ಒಗ್ಗುತ್ತದೆ. ನೆನೆಸಿದ ಸಿಪ್ಪೆಯನ್ನು ಬಡಿದು ನಾರು ಬಿಡಿಸಿ, ಎರಡು ಎಳೆಗಳನ್ನು ಒಂದೇ ಕಡೆಗೆ ಹೊಸೆಯಬೇಕು. ಆಮೇಲೆ ಆ ಎರಡನ್ನೂ ಕೂಡಿಸಿ ವಿರುದ್ಧ ದಿಕ್ಕಿಗೆ ಹೊಸೆದರೆ ಹುರಿ ಬಿಚ್ಚಿಕೊಳ್ಳುವುದಿಲ್ಲ. ಪ್ರತಿ ಎಳೆಯೂ ಬಿಚ್ಚಲು ಹೊರಟು ಇನ್ನೊಂದನ್ನು ಬಿಗಿಮಾಡುತ್ತದೆ! ಹಾಗೆ ಮಾಡಿದ ಹುರಿಗೆ ಇಟ್ಟಿಗೆ ಕಟ್ಟಿ ತೂಗುಹಾಕಿ ಯಾರದು ಗಟ್ಟಿಯೆಂದು ಪಂದ್ಯ ಇಟ್ಟರೆ ಮಧ್ಯಾಹ್ನ ಕಳೆದದ್ದೇ ತಿಳಿಯದು. ರಾತ್ರಿ ಒಂದು ಗಂಟೆ ದೀಪ ಆರಿಸಿ ಹರಳೆಣ್ಣೆ ಹಣತೆಯಲ್ಲಿ ಪಾಠ ಓದಿಸುವುದು, ಸೀಗೆಪುಡಿಯಲ್ಲಿ ತಲೆ ತೊಳೆಸುವುದು, ಮಜ್ಜಿಗೆ ಕಡೆಸುವುದು ಎಲ್ಲ ಮನೆಯಲ್ಲೇ ಆಗುವ ಕೆಲಸ.

ಹಳೇಬೀಡಿಗೆ ಹೋದಾಗಲೂ ಕೈಗೆ ಕೆಲಸವುಂಟು. ಹೊಯ್ಸಳರ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಸ್ಲೇಟಿನ ಬಳಪ ಆಗುತ್ತಿದ್ದುದೂ ಇಂಥ ಕಲ್ಲಿನಿಂದಲೇ. ಅಂಥ ಒಂದು ಚೂರನ್ನು ಮನೆಯಲ್ಲೇ ಮೊಳೆಯಿಂದ ಕೆತ್ತಿ ನೋಡಿ ಬಂದ ಮಗು ಆ ಗೋಡೆಗಳ ಮುಂದೆ ನಿಂತು ನೋಡುವ ರೀತಿಯೇ ಬೇರೆ. ದೇವಾಲಯದ ಕಲ್ಲನ್ನು ಮಾತ್ರ ಮುಟ್ಟಕೂಡದು. ಊರಬಾಗಿಲ ವೀರಗಲ್ಲಿಗೂ ಎಣ್ಣೆ, ಸುಣ್ಣ, ಬಣ್ಣ ಬಳಿಯಕೂಡದು, ಕೂತು ಚಿತ್ರ ಬರೆದುಕೊಂಡರೆ ಆಯಿತು. ಪಟ್ಟಣದ ಮಕ್ಕಳಿಗೆ ಇವು ಯಾವುವೂ ಸಿಗದಿದ್ದರೆ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವಿದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಅಲ್ಲಿ ಕಣ್ಣಿಗೆ ಹಬ್ಬವೇ, ಆದರೆ ಗಾಜಿನಾಚೆಯ ಒನಕೆಯ ಭಾರ ತೋಳಿಗೆ ತಿಳಿಯುವುದಿಲ್ಲ.

ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗುವ ಮಕ್ಕಳ ಚೀಲದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇರಲಿ. ‘ಆಗಿನ ಕಾಲ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಒಂದೇ ಉತ್ತರ ಬರುತ್ತದೆ. ಕೇಳಬೇಕಾದದ್ದು ಬೇರೆ: ಮನೆಗೆ ಕರೆಂಟು ಬಂದದ್ದು ಯಾವ ವರ್ಷ? ಸಂತೆಗೆ ಏನು ಹೊತ್ತೊಯ್ಯುತ್ತಿದ್ದಿರಿ, ಎಷ್ಟು ದೂರ ನಡೆದು? ಜ್ವರ ಬಂದರೆ ಯಾರು ಔಷಧಿ ಕೊಡುತ್ತಿದ್ದರು? ಶಾಲೆ ಬಿಟ್ಟದ್ದು ಏಕೆ? ಕೊನೆಯ ಪ್ರಶ್ನೆಯನ್ನು ಅಜ್ಜನಿಗೊಮ್ಮೆ, ಅಜ್ಜಿಗೊಮ್ಮೆ ಬೇರೆ ಬೇರೆಯಾಗಿ ಕೇಳಿ.