ಊರಿನವರು ಉಳಿಸಿಕೊಂಡ ಕಪ್ಪು ಕೋಟೆ

1872ರಲ್ಲಿ ಜಪಾನಿನ ಮತ್ಸುಮೊಟೊ ಕೋಟೆಯ ಮುಖ್ಯ ಗೋಪುರ ಹರಾಜಿಗೆ ಬಂತು. ಸವಾಲು ನಿಂತದ್ದು ಸುಮಾರು 235 ರಿಯೊಗೆ (ರಿಯೊ ಎಂದರೆ ಹಳೆಯ ಜಪಾನಿ ನಾಣ್ಯ). ಕೊಂಡವರು ಅದನ್ನು ಕೆಡವಿ ಮರಮುಟ್ಟು, ಕಬ್ಬಿಣ, ಹೆಂಚು ಮಾರಿಕೊಳ್ಳಬಹುದಿತ್ತು. ಆ ಕಾಲದಲ್ಲಿ ಅದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಶೋಗನ್ನರ ಆಳ್ವಿಕೆ ಮುಗಿದಿತ್ತು. ಹಿಂದಿನ ವರ್ಷವಷ್ಟೇ ಮೈಜಿ ಸರ್ಕಾರ ಸಂಸ್ಥಾನಗಳನ್ನೆಲ್ಲ ರದ್ದುಮಾಡಿತ್ತು. ಸಮುರಾಯ್‌ಗಳಿಗೆ ಕೆಲಸವಿಲ್ಲ, ಅವರ ಕೋಟೆಗಳಿಗೆ ದಿಕ್ಕಿಲ್ಲ. ದೇಶದ ಉದ್ದಗಲಕ್ಕೂ ಕೋಟೆಗಳು ಉರುಳುತ್ತಿದ್ದವು. ಇವತ್ತು ಇಡೀ ಜಪಾನಿನಲ್ಲಿ ಹಳೆಯ ಕಾಲದ್ದೇ ಆದ ಕೋಟೆ ಗೋಪುರಗಳು ಉಳಿದಿರುವುದು ಹನ್ನೆರಡು ಮಾತ್ರ. ಅವುಗಳಲ್ಲಿ ರಾಷ್ಟ್ರೀಯ ನಿಧಿ ಎಂಬ ಮನ್ನಣೆ ಪಡೆದವು ಐದು: ಹಿಮೇಜಿ, ಹಿಕೊನೆ, ಇನುಯಾಮ, ಮತ್ಸುಎ ಮತ್ತು ಮತ್ಸುಮೊಟೊ.

ಹರಾಜಾದ ಗೋಪುರ ಈ ಪಟ್ಟಿಯಲ್ಲಿ ಉಳಿದದ್ದು ಹೇಗೆ ಎಂಬುದೇ ಮತ್ಸುಮೊಟೊ ನಗರದ ಕತೆ.

ನಗರವಿರುವುದು ನಾಗಾನೊ ಪ್ರಾಂತ್ಯದ ನಡುಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ಬಯಲಿನಲ್ಲಿ. ಪಶ್ಚಿಮಕ್ಕೆ ಉತ್ತರ ಆಲ್ಪ್ಸ್ ಎಂದು ಹೆಸರಾದ ಹಿದಾ ಪರ್ವತಸಾಲು. ಅದರಲ್ಲಿ 3,190 ಮೀಟರಿನ ಹೊತಕ, 3,180 ಮೀಟರಿನ ಯಾರಿ ಶಿಖರಗಳಿವೆ. ಊರಿನ ಬೀದಿಗಳಿಂದ ಎದ್ದು ಕಾಣುವುದು 2,857 ಮೀಟರಿನ ಜೋನೆನ್. ಪೂರ್ವಕ್ಕೆ ಎರಡು ಸಾವಿರ ಮೀಟರ್ ಎತ್ತರದ ಉತ್ಸುಕುಶಿಗಹರ ಪ್ರಸ್ಥಭೂಮಿ. ಬೆಟ್ಟಗಳಿಂದಿಳಿದ ನೀರು ನೆಲದಡಿ ಹರಿದು ಪೇಟೆಯ ನಡುವೆಯೇ ಬುಗ್ಗೆಯಾಗಿ ಏಳುತ್ತದೆ. ಗೆಂಚಿ ಎಂಬ ಹಳೆಯ ಬಾವಿಯ ಬಳಿ ಜನ ಇಂದಿಗೂ ಬಾಟಲಿ ಹಿಡಿದು ನಿಂತು ನೀರು ತುಂಬಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಬೆಟ್ಟಗಳಿದ್ದೂ ಕೋಟೆಯನ್ನು ಕಟ್ಟಿದ್ದು ಬಯಲಿನಲ್ಲಿ. 1504ರಲ್ಲಿ ಒಗಸವಾರ ಮನೆತನದ ಆಶ್ರಯದಲ್ಲಿ ಇಲ್ಲಿ ಎದ್ದ ಮೊದಲ ಕೋಟೆಯ ಹೆಸರು ಫುಕಾಶಿ. 1550ರಲ್ಲಿ ತಕೇದ ಶಿಂಗೆನ್ ಅದನ್ನು ಹಿಡಿದ. 1582ರಲ್ಲಿ ಒಗಸವಾರರು ಮರಳಿ ಗೆದ್ದು ಮತ್ಸುಮೊಟೊ ಎಂದು ಹೆಸರಿಟ್ಟರು. ಈಗ ಕಾಣುವ ಗೋಪುರ ಅವರದೂ ಅಲ್ಲ. 1590ರಲ್ಲಿ ದೇಶವನ್ನು ಒಗ್ಗೂಡಿಸಿದ ತೊಯೊತೊಮಿ ಹಿದೆಯೊಶಿ ತನ್ನ ಬಲಿಷ್ಠ ಪ್ರತಿಸ್ಪರ್ಧಿ ತೊಕುಗಾವ ಇಎಯಾಸುವನ್ನು ಪೂರ್ವದ ಎದೊಗೆ, ಅಂದರೆ ಇಂದಿನ ಟೋಕಿಯೊಗೆ, ಕಳಿಸಿದ. ಅತ್ತ ಕಣ್ಣಿಡಲು ಮತ್ಸುಮೊಟೊಗೆ ಇಶಿಕಾವ ಕಜುಮಸನನ್ನು ನೇಮಿಸಿದ. ಈ ಕಜುಮಸ ಒಂದು ಕಾಲಕ್ಕೆ ಇಎಯಾಸುವಿನ ಬಲಗೈಯಂತಿದ್ದು, 1585ರಲ್ಲಿ ಪಕ್ಷ ಬದಲಿಸಿ ಬಂದವನು. ಒಳಗುಟ್ಟೆಲ್ಲ ಬಲ್ಲವನನ್ನೇ ಕಾವಲಿಗಿಟ್ಟ ಹಿದೆಯೊಶಿಯ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಕಜುಮಸ ಆರಂಭಿಸಿದ ಕೆಲಸವನ್ನು ಮಗ ಯಸುನಗ ಮುಗಿಸಿದ. ಮುಖ್ಯ ಗೋಪುರ 1593–94ರ ಹೊತ್ತಿನದು ಎಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಮಾತು.

ಅದು ಬಂದೂಕಿನ ಕಾಲ. 1543ರಲ್ಲಿ ಪೋರ್ಚುಗೀಸರ ಮೂಲಕ ಬತ್ತಿ ಬಂದೂಕು ಜಪಾನಿಗೆ ಕಾಲಿಟ್ಟಿತ್ತು. ಅರ್ಧ ಶತಮಾನದೊಳಗೆ ಯುದ್ಧದ ರೀತಿಯೇ ಬದಲಾಗಿತ್ತು. ಮತ್ಸುಮೊಟೊ ಕೋಟೆಯ ಪ್ರತಿ ಅಳತೆಯಲ್ಲೂ ಆ ಎಚ್ಚರ ಕಾಣುತ್ತದೆ. ಸುತ್ತ ಮೂರು ಸುತ್ತಿನ ಕಂದಕ; ಒಳಕಂದಕದ ಅಗಲ ಕೆಲವೆಡೆ 60 ಮೀಟರಿನಷ್ಟು, ಆಚೆ ದಡದಿಂದ ಹಾರಿಸಿದ ಗುಂಡು ಗೋಪುರ ತಲುಪುವಷ್ಟರಲ್ಲಿ ಸೊರಗಲೆಂದು. ಕೆಳಗಿನ ಎರಡು ಅಂತಸ್ತುಗಳ ಗೋಡೆ ಸುಮಾರು 29 ಸೆಂಟಿಮೀಟರ್ ದಪ್ಪ. ಗೋಡೆಯುದ್ದಕ್ಕೂ ಬಾಣಕ್ಕೆ ಉದ್ದನೆಯ ಕಂಡಿ, ಬಂದೂಕಿಗೆ ಚೌಕದ ಕಂಡಿ. ಹತ್ತಿ ಬರುವವರ ಮೇಲೆ ಕಲ್ಲುರುಳಿಸಲು ಮೂಲೆಗಳಲ್ಲಿ ಕೆಳಮುಖದ ಕಿಂಡಿ. ಹೊರಗಿನಿಂದ ಐದು ಸೂರು ಕಾಣುತ್ತವೆ, ಒಳಗೆ ಆರು ಅಂತಸ್ತುಗಳಿವೆ. ಕಿಟಕಿಯಿಲ್ಲದ ಮೂರನೆಯ ಅಂತಸ್ತು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಎತ್ತರ 29.4 ಮೀಟರ್. ಐದು ಸೂರು, ಆರು ಅಂತಸ್ತಿನ ಗೋಪುರಗಳಲ್ಲಿ ಇಂದು ಉಳಿದಿರುವ ಅತಿ ಹಳೆಯದು ಇದೇ. ಮೆಟ್ಟಿಲುಗಳಂತೂ ಏಣಿಯೇ ಸರಿ. ಒಂದು ಕಡೆ ಕಡಿದು 61 ಡಿಗ್ರಿ ಮುಟ್ಟುತ್ತದೆ. ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು, ಅಟ್ಟ ಹತ್ತುವ ಜಾಗ್ರತೆಯಲ್ಲೇ ಎಲ್ಲರೂ ಹತ್ತಬೇಕು.

ಇಷ್ಟು ಸಿದ್ಧತೆಯ ಈ ಗೋಪುರಕ್ಕೆ ಒಮ್ಮೆಯೂ ಮುತ್ತಿಗೆ ಬೀಳಲಿಲ್ಲ. ತೊಕುಗಾವ ಶೋಗನ್ನರ ಎದೊ ಕಾಲದ ದೀರ್ಘ ಶಾಂತಿ ನೆಲೆಸಿತು. 1630ರ ದಶಕದಲ್ಲಿ ಇಲ್ಲಿನ ದೊರೆಯಾಗಿದ್ದ ಮತ್ಸುದೈರ ನವೊಮಸ, ಶೋಗನ್ ಇಎಮಿತ್ಸು ಈ ದಾರಿಯಾಗಿ ಬರಬಹುದೆಂಬ ನಿರೀಕ್ಷೆಯಲ್ಲಿ, ಗೋಪುರದ ಪಕ್ಕಕ್ಕೆ ಚಂದ್ರದರ್ಶನದ ಮಂಟಪವೊಂದನ್ನು ಸೇರಿಸಿದ. ಮೂರು ಬದಿ ತೆರೆದ, ಸುತ್ತ ಕೆಂಪು ಕಟಾಂಜನದ ಮಂಟಪ ಅದು. ಬಾಣದ ಕಂಡಿಯಿಲ್ಲ, ಕಲ್ಲುರುಳಿಸುವ ಕಿಂಡಿಯಿಲ್ಲ. ಶೋಗನ್ ಬರಲಿಲ್ಲ, ಮಂಟಪ ಉಳಿಯಿತು. ನಡುವೆ ನಲವತ್ತೇ ವರ್ಷ. ಯುದ್ಧಕ್ಕೆಂದು ಕಟ್ಟಿದ ಭಾಗವೂ ಬೆಳದಿಂಗಳಿಗೆಂದು ಕಟ್ಟಿದ ಭಾಗವೂ ಒಂದೇ ಕಟ್ಟಡದಲ್ಲಿ ಅಕ್ಕಪಕ್ಕ ನಿಂತಿರುವುದು ಈ ಕೋಟೆಯ ಅಪರೂಪದ ಚೆಲುವು.

ಕೋಟೆಯ ಹೆಸರಿಗೇ ಅಂಟಿಕೊಂಡಿರುವುದು ಅದರ ಕಪ್ಪು. ಹಿಮೇಜಿ ಕೋಟೆಯನ್ನು ಬೆಳ್ಳಕ್ಕಿಗೆ ಹೋಲಿಸಿದರೆ ಇದನ್ನು ಕಾಗೆಕೋಟೆ ಎನ್ನುವುದುಂಟು. ಪ್ರತಿ ಅಂತಸ್ತಿನ ಗೋಡೆಯ ಮೇಲರ್ಧ ಬಿಳಿಯ ಗಾರೆ, ಕೆಳಗರ್ಧ ಕಪ್ಪು ಬಳಿದ ಹಲಗೆ. ಈ ಕಪ್ಪು ಸಾಮಾನ್ಯ ಬಣ್ಣವಲ್ಲ, ಉರುಶಿ ಮರದ ಸೊನೆ. ಚನ್ನಪಟ್ಟಣದ ಬೊಂಬೆಗಳಿಗೆ ಹಾಕುವ ಅರಗು ಕೀಟದಿಂದ ಬರುವಂಥದ್ದು. ಉರುಶಿಯಾದರೋ ಮಾವು, ಗೇರುಗಳ ಬಳಗಕ್ಕೇ ಸೇರಿದ ಮರ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಉರುಶಿ ಕೆಲಸದವರ ಮೈ ಏಕೆ ತುರಿಸುತ್ತದೆಂದು ವಿವರಿಸಬೇಕಿಲ್ಲ. ಇದು ಬಿಸಿಲಿಗೆ ಒಣಗಿ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿ ತೇವವಿದ್ದರೆ ಮಾತ್ರ ಬಿಗಿಯುತ್ತದೆ. ಬಿಗಿದ ಮೇಲೆ ನೀರನ್ನೂ ಹುಳವನ್ನೂ ತಡೆಯುತ್ತದೆ. ಆದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಕ್ಕೆ ಸೋಲುತ್ತದೆ, ಹೊಳಪು ಕಳೆದು ಪುಡಿಪುಡಿಯಾಗುತ್ತದೆ. ಹೀಗಾಗಿ ಪ್ರತಿ ವರ್ಷ ಶರತ್ಕಾಲದಲ್ಲಿ ಕುಶಲಕರ್ಮಿಗಳು ಸೂರಿನ ಮೇಲೆ ನಿಂತು ಹಲಗೆಗಳಿಗೆ ಹೊಸದಾಗಿ ಉರುಶಿ ಬಳಿಯುತ್ತಾರೆ. ಹೊರಗೋಡೆಗೆ ನಿಜವಾದ ಉರುಶಿಯನ್ನೇ ಬಳಿಯುವ ಕೋಟೆ ಗೋಪುರ ಜಪಾನಿನಲ್ಲಿ ಇದೊಂದೇ. ಅಗ್ಗದ ಬಣ್ಣ ಬಳಿದಿದ್ದರೆ ದೂರದಿಂದ ನೋಡುವ ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗದು. ಗೊತ್ತಾಗುವ ಕೆಲವರಿಗಾಗಿ, ಹಾಗೂ ಕೋಟೆಗಾಗಿ, ನಗರ ಈ ಶ್ರಮವನ್ನು ವರ್ಷವೂ ಹೊತ್ತುಕೊಳ್ಳುತ್ತದೆ.

ಕೋಟೆಯ ಕತೆಯಲ್ಲಿ ಕೆಳಗಿನವರ ಪಾಲೂ ಇದೆ, ಅದು ಸುಂದರವಾದದ್ದಲ್ಲ. 1686ರಲ್ಲಿ, ಆಗ ಇಲ್ಲಿ ಆಳುತ್ತಿದ್ದ ಮಿಜುನೊ ಮನೆತನದ ಆಡಳಿತ ಮೊದಲೇ ಭಾರವಾಗಿದ್ದ ಭತ್ತದ ಕಂದಾಯವನ್ನು ಇನ್ನೂ ಏರಿಸಿತು. ನಕಗಾಯ ಗ್ರಾಮದ ತದ ಕಸುಕೆ ಎಂಬ ರೈತ ಮುಖಂಡ ಇನ್ನು ಕೆಲವರೊಡನೆ ಸೇರಿ ಮನವಿ ಸಲ್ಲಿಸಿದ. ಸಾವಿರಾರು ರೈತರು ಕೋಟೆಯ ಮುಂದೆ ಜಮಾಯಿಸಿದರು. ಅಧಿಕಾರಿಗಳು ಕಂದಾಯ ಇಳಿಸುವುದಾಗಿ ಬರೆದುಕೊಟ್ಟು ಜನರನ್ನು ಊರಿಗೆ ಕಳಿಸಿದರು. ಆಮೇಲೆ ಆ ಪತ್ರವನ್ನು ಹಿಂದಕ್ಕೆ ಪಡೆದು ಮುಖಂಡರನ್ನೂ ಮನೆಯವರನ್ನೂ ಬಂಧಿಸಿದರು. ಇಪ್ಪತ್ತೆಂಟು ಮಂದಿಗೆ ಮರಣದಂಡನೆಯಾಯಿತು. ಅವರಲ್ಲಿ ಶುನ್ ಎಂಬ ಹದಿನಾರರ ಹುಡುಗಿಯೂ ಇದ್ದಳು. ಶಿಲುಬೆಯ ಮೇಲಿದ್ದ ಕಸುಕೆ ಕಂದಾಯ ಇಳಿಸಿ ಎಂದು ಕೂಗುತ್ತಲೇ ಕೋಟೆಯತ್ತ ದುರುಗುಟ್ಟಿ ನೋಡಿದನಂತೆ, ಆ ನೋಟಕ್ಕೆ ಗೋಪುರ ವಾಲಿತಂತೆ. ಜನ ಹೇಳಿಕೊಂಡು ಬಂದ ಮಾತು ಇದು. ಸತ್ತವರ ನೆನಪಿಗೆ ನೆರೆಯ ಅಜುಮಿನೊದಲ್ಲಿ 1992ರಲ್ಲಿ ಸ್ಮಾರಕ ಸಂಗ್ರಹಾಲಯ ತೆರೆದಿದೆ.

ಗೋಪುರ ವಾಲಿದ್ದಂತೂ ನಿಜ. ಮೈಜಿ ಕಾಲದ ಛಾಯಾಚಿತ್ರದಲ್ಲಿ ಅದು ಎದ್ದು ಕಾಣುತ್ತದೆ.

ಈಗ ಹರಾಜಿನ ಕತೆಗೆ ಬರೋಣ. ಪೇಟೆಯ ಒಂದು ಬೀದಿಯ ಮುಖಂಡನಾಗಿದ್ದ ಇಚಿಕಾವ ರ್ಯೊಜೊಗೆ ಆಗ ಮೂವತ್ತೂ ತುಂಬಿರಲಿಲ್ಲ. ಕೈಯಲ್ಲಿ ಹಣವಿಲ್ಲ, ಗೋಪುರ ಬಿಡಲು ಮನಸ್ಸಿಲ್ಲ. ಕೆಡವುವುದನ್ನು ಹತ್ತು ವರ್ಷ ಮುಂದೂಡಿ ಎಂದು ಅವನು ಸರ್ಕಾರಕ್ಕೆ ಮನವಿ ಕೊಟ್ಟ. ಆ ಅವಧಿಯಲ್ಲಿ ಗೋಪುರವನ್ನು ವಸ್ತುಪ್ರದರ್ಶನಕ್ಕೆ ಬಳಸಿ, ಬಂದ ಹಣದಿಂದ ಅದನ್ನು ಮರಳಿ ಕೊಳ್ಳುವುದು ಅವನ ಯೋಜನೆ. 1873ರ ನವೆಂಬರ್‌ನಲ್ಲಿ ಮೊದಲ ಪ್ರದರ್ಶನ ನಡೆಯಿತು. ಅದುವರೆಗೆ ಸಾಮಾನ್ಯರು ಕಂದಕದ ಆಚೆಯಿಂದ ಮಾತ್ರ ಕಂಡಿದ್ದ ಗೋಪುರದೊಳಗೆ ಊರಿನವರು ಹಣ ಕೊಟ್ಟು ಕಾಲಿಟ್ಟರು, ಮೇಲೆ ಹತ್ತಿ ತಮ್ಮ ಊರನ್ನು ನೋಡಿದರು. ಮುಂದೆಯೂ ಪ್ರದರ್ಶನಗಳಾದವು, ಗೋಪುರ ಮರಳಿ ಬಂತು. ಇಚಿಕಾವ 1908ರಲ್ಲಿ ತೀರಿಕೊಂಡ. ಕೋಟೆಯನ್ನು ಕಟ್ಟಿಸಿದ ದೊರೆಗಳ ಹೆಸರಿಗಿಂತ ಅದನ್ನು ಉಳಿಸಿದ ಈ ತರುಣನ ಹೆಸರು ಮೊದಲು ಹೇಳಬೇಕಾದದ್ದು.

ಉಳಿದ ಮೇಲೂ ಗೋಪುರ ಬೀಳುವ ಸ್ಥಿತಿಯಲ್ಲೇ ಇತ್ತು. ಪಕ್ಕದಲ್ಲೇ ಇದ್ದ ಮತ್ಸುಮೊಟೊ ಮಾಧ್ಯಮಿಕ ಶಾಲೆಯ ಮುಖ್ಯೋಪಾಧ್ಯಾಯ ಕೊಬಯಾಶಿ ಉನಾರಿ 1901ರಲ್ಲಿ ಸಂರಕ್ಷಣಾ ಸಂಘ ಕಟ್ಟಿ ದೇಣಿಗೆ ಎತ್ತಿದರು. 1903ರಿಂದ 1913ರವರೆಗೆ ರಿಪೇರಿ ನಡೆಯಿತು. 1950ರಿಂದ 1955ರವರೆಗೆ ಸರ್ಕಾರವೇ ಗೋಪುರವನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿತು. ವಾಲಿದ್ದಕ್ಕೆ ನಿಜವಾದ ಕಾರಣ ಆಗ ಬೆಳಕಿಗೆ ಬಂತು. ಹಸಿ ಮಣ್ಣಿನ ಬಯಲಲ್ಲಿ ಇಷ್ಟು ಭಾರ ಹೊರಲೆಂದು ಕಲ್ಲಿನ ಜಗತಿಯೊಳಗೆ ಹದಿನಾರು ಮರದ ಕಂಬಗಳನ್ನು ಹೂತಿದ್ದರು. ಶತಮಾನಗಳಲ್ಲಿ ಅವು ಕೊಳೆತು ಗೋಪುರ ಕುಸಿದು ಓರೆಯಾಗಿತ್ತು. ಕಾರಣ ಗೊತ್ತಾದ ಮೇಲೂ ಕಸುಕೆಯ ಕತೆ ಊರಿನಲ್ಲಿ ಅಳಿಯಲಿಲ್ಲ, ಅಳಿಯಬಾರದು ಕೂಡ.

ಇದೇ ಊರಿನವರು ಹರಾಜು ನಡೆದ ಅದೇ ದಶಕದಲ್ಲಿ ಇನ್ನೊಂದು ಕೆಲಸ ಮಾಡಿದರು. 1876ರಲ್ಲಿ ಕೈಚಿ ಶಾಲೆಗೆ ಹೊಸ ಕಟ್ಟಡ ಎದ್ದಿತು. ಖರ್ಚು ಸುಮಾರು 11,000 ಯೆನ್, ಅದರಲ್ಲಿ ಹತ್ತಿರ ಹತ್ತಿರ ಶೇ 70ರಷ್ಟು ಊರಿನವರ ದೇಣಿಗೆ. ಕಟ್ಟಿದವನು ಸ್ಥಳೀಯ ಬಡಗಿ ತಾತೆಇಶಿ ಸೇಜು. ಟೋಕಿಯೊಗೆ ಹೋಗಿ ಪಾಶ್ಚಾತ್ಯ ಶೈಲಿಯ ಕಟ್ಟಡಗಳನ್ನು ಕಣ್ಣಾರೆ ನೋಡಿಬಂದು, ತನಗೆ ಗೊತ್ತಿದ್ದ ಮರಗೆಲಸ, ಗಾರೆಗೆಲಸಗಳಲ್ಲೇ ಅದನ್ನು ಮೂಡಿಸಿದ. ಮೂಲೆಯ ಕಲ್ಲುಗಳಂತೆ ಕಾಣುವುದೆಲ್ಲ ಗಾರೆ. ಬಾಗಿಲ ಮೇಲೆ ಡ್ರ್ಯಾಗನ್, ಅದರ ಮೇಲೆ ಶಾಲೆಯ ಹೆಸರು ಹಿಡಿದ ರೆಕ್ಕೆಯ ಮಕ್ಕಳು, ಎಲ್ಲಕ್ಕೂ ಮೇಲೆ ಎಂಟು ಮೂಲೆಯ ಗೋಪುರ. ಆ ರೆಕ್ಕೆಯ ಮಕ್ಕಳು ಬಂದದ್ದು ಟೋಕಿಯೊದ ಪತ್ರಿಕೆಯೊಂದರ ಮೇಲಿದ್ದ ಚಿತ್ರದಿಂದ. 1963ರವರೆಗೂ ಇಲ್ಲಿ ಮಕ್ಕಳು ಓದಿದರು. 2019ರಲ್ಲಿ ಇದಕ್ಕೆ ರಾಷ್ಟ್ರೀಯ ನಿಧಿಯ ಮನ್ನಣೆ ಸಿಕ್ಕಿತು. ಆಧುನಿಕ ಕಾಲದ ಶಾಲಾ ಕಟ್ಟಡವೊಂದಕ್ಕೆ ಈ ಗೌರವ ಅದೇ ಮೊದಲು.

ಉಳಿದಂತೆ ಊರು ನಡೆದೇ ನೋಡಬಹುದಾದಷ್ಟು ಚಿಕ್ಕದು. 1888ರ ದೊಡ್ಡ ಬೆಂಕಿಯ ಬಳಿಕ ವ್ಯಾಪಾರಿಗಳು ನಕಮಾಚಿ ಬೀದಿಯಲ್ಲಿ ದಪ್ಪ ಮಣ್ಣುಗೋಡೆಯ ಉಗ್ರಾಣಗಳನ್ನು ಕಟ್ಟಿಕೊಂಡರು. ಆ ಕಪ್ಪುಬಿಳುಪು ಗೋಡೆಗಳ ಹಿಂದೆ ಈಗ ಕರಕುಶಲ ಅಂಗಡಿ, ಊಟದ ಮನೆಗಳಿವೆ. ಇಲ್ಲಿನ ಮರದ ಪೀಠೋಪಕರಣಕ್ಕೆ ಎರಡನೇ ಮಹಾಯುದ್ಧದ ನಂತರ ಮರುಜೀವ ಕೊಟ್ಟವರು ಇಕೇದ ಸಾನ್‌ಶಿರೊ, ಜಾನಪದ ಕಲೆಯ ಚಿಂತಕ ಯನಗಿ ಸೊಎತ್ಸು ಅವರ ಪ್ರೇರಣೆಯಿಂದ. ಮಾತೃಭಾಷೆ ಕಲಿಯುವಂತೆ ಕೇಳಿ ಕೇಳಿಯೇ ಮಕ್ಕಳು ಪಿಟೀಲು ಕಲಿಯಬಲ್ಲರು ಎಂದ ಸುಜುಕಿ ಶಿನಿಚಿ 1946ರಲ್ಲಿ ಪಾಠ ಆರಂಭಿಸಿದ್ದು ಇದೇ ಊರಿನಲ್ಲಿ. ವಾದ್ಯವೃಂದ ನಿರ್ದೇಶಕ ಒಜಾವ ಸೇಜಿ 1992ರಲ್ಲಿ ಹುಟ್ಟುಹಾಕಿದ ಸಂಗೀತೋತ್ಸವ ಈಗ ಅವರದೇ ಹೆಸರು ಹೊತ್ತಿದೆ. ಚುಕ್ಕಿಗಳ ಕಲಾವಿದೆ ಕುಸಾಮ ಯಾಯೊಇ 1929ರಲ್ಲಿ ಇಲ್ಲಿ, ಬೀಜ ಮತ್ತು ಸಸಿ ಮಾರುವ ಮನೆತನದಲ್ಲಿ ಹುಟ್ಟಿದರು. ನಗರದ ಕಲಾ ಸಂಗ್ರಹಾಲಯದ ಮುಂದೆ ಅವರ ದೈತ್ಯ ಹೂಗಳು ನಿಂತಿವೆ.

2011ರ ಜೂನ್ 30ರಂದು ಊರಿನ ಬಳಿಯೇ ನಡೆದ ಭೂಕಂಪಕ್ಕೆ ಕೋಟೆಯ ಗೋಡೆಗಳು ಬಿರುಕು ಬಿಟ್ಟವು. ಗೋಪುರವನ್ನು ಭೂಕಂಪ ತಾಳುವಂತೆ ಬಲಪಡಿಸುವ ಕೆಲಸ ಈಗ ನಗರದ ಮುಂದಿದೆ. ಕೈಚಿ ಶಾಲೆ ಅಂಥದೇ ಕಾಮಗಾರಿ ಮುಗಿಸಿಕೊಂಡು 2024ರ ನವೆಂಬರಿನಲ್ಲಿ ಮತ್ತೆ ತೆರೆದಿದೆ.

ಟೋಕಿಯೊದ ಶಿಂಜುಕು ನಿಲ್ದಾಣದಿಂದ ಅಜುಸ ಎಂಬ ಎಕ್ಸ್‌ಪ್ರೆಸ್ ರೈಲಿನಲ್ಲಿ ಮತ್ಸುಮೊಟೊಗೆ ಸುಮಾರು ಎರಡೂವರೆ ತಾಸು. ನಿಲ್ದಾಣದಿಂದ ಕೋಟೆಗೆ ಇಪ್ಪತ್ತು ನಿಮಿಷದ ನಡಿಗೆ. ಟೋಕಿಯೊ, ಕ್ಯೋಟೊ ಎಂದು ಓಡಾಡುವ ನಮ್ಮ ಪ್ರವಾಸಿಗರು ಒಂದು ದಿನವನ್ನು ಇತ್ತ ತೆಗೆದಿಡಬೇಕು, ಅದರಲ್ಲೂ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ. ಉರುಶಿ ಬಳಿಯುವವರು ಸೂರಿನ ಮೇಲೆ ಕೆಲಸ ಮಾಡುವುದು ಆ ತಿಂಗಳುಗಳಲ್ಲೇ.